ಗುಡ್ಡ, ಗಾಯರಾಣ ಮತ್ತು ಬೆಳೆಯುವ ಊರು



ಕಾಡು ಉಳಿಸಬೇಕೆಂಬ ಮಾತು ಬಂದಾಗ ನಮ್ಮ ಮನಸ್ಸು ಬಂಡೀಪುರಕ್ಕೆ, ನಾಗರಹೊಳೆಗೆ, ಪಶ್ಚಿಮಘಟ್ಟಕ್ಕೆ ಹೋಗುತ್ತದೆ. ರಾಯಚೂರು ಜಿಲ್ಲೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರರಲ್ಲೊಂದು ಪಾಲು ನೆಲ ಅರಣ್ಯ ಮತ್ತು ಮರಗಳ ಹೊದಿಕೆಯಲ್ಲಿರಬೇಕು ಎಂದಿತು. ನಮ್ಮ ಜಿಲ್ಲೆ ಆ ಗುರಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ರಾಜ್ಯದಲ್ಲಿ ಅರಣ್ಯ ತೀರ ಕಡಿಮೆಯಿರುವ ಜಿಲ್ಲೆಗಳ ಸಾಲಿನಲ್ಲಿದೆ. ಹೀಗಿರುವಾಗ ಇಲ್ಲಿ ಕಾಪಾಡುವಂಥದ್ದು ಏನಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಉಪನ್ಯಾಸದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ತಾಲ್ಲೂಕುಗಳಲ್ಲಿ ಕಾಡುಜೀವ ಬದುಕಿರುವುದು ಬಹುಮಟ್ಟಿಗೆ ಮೀಸಲು ಅರಣ್ಯದ ಹೊರಗೆ, ಬಂಡೆಗುಡ್ಡಗಳಲ್ಲಿ, ದನ ಮೇಯುವ ಊರೊಟ್ಟಿನ ನೆಲವಾದ ಗಾಯರಾಣಗಳಲ್ಲಿ, ಹಳ್ಳದ ದಂಡೆಗಳಲ್ಲಿ. ಊರುಗಳು ಬೆಳೆಯುತ್ತ ಹೋದಂತೆ ಮೊದಲು ಕರಗುವುದೂ ಇದೇ ನೆಲ. ಆದ್ದರಿಂದ ಇದರ ರಕ್ಷಣೆಯನ್ನು ಅರಣ್ಯ ಇಲಾಖೆಯೊಂದಕ್ಕೇ ಬಿಟ್ಟು ಕೂತರೆ ಸಾಲದು. ಊರಿನ ನಕ್ಷೆ ಬರೆಯುವವರು, ಅಂದರೆ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿ ಮತ್ತು ಯೋಜನಾ ಪ್ರಾಧಿಕಾರಗಳು, ಊರು ಈ ನೆಲವನ್ನು ಮುಟ್ಟುವ ಮೊದಲೇ ಇದಕ್ಕೆ ಎಲ್ಲೆ ಹಾಕಬೇಕು.

ಮೊದಲು ಈ ನೆಲ ಎಂಥದ್ದೆಂದು ಹತ್ತಿರದಿಂದ ನೋಡೋಣ. ನಮ್ಮ ಸೀಮೆಯ ಗ್ರಾನೈಟ್ ಗುಡ್ಡಗಳು ದೂರಕ್ಕೆ ಬೋಳಾಗಿ ಕಾಣುತ್ತವೆ. ಆದರೆ ಒಂದರ ಮೇಲೊಂದು ಕುಳಿತ ಬಂಡೆಗಳ ಸಂದಿಯಲ್ಲಿ ನೆರಳು ಇರುತ್ತದೆ, ಗಾಳಿ ತಂದ ಮಣ್ಣು ನಿಲ್ಲುತ್ತದೆ, ಮಳೆಗಾಲದ ನೀರು ದೊಣೆಗಳಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆ ಸಂದಿಗಳಲ್ಲೇ ಕವಳಿ, ಕಾರಿ, ಬಾರಿ, ಸೀತಾಫಲ ಬೇರು ಬಿಡುತ್ತವೆ. ಉಡ, ಮುಳ್ಳುಹಂದಿ, ಗೂಬೆ, ಚಿರತೆಗಳಿಗೆ ಬೇಸಿಗೆಯ ಮಧ್ಯಾಹ್ನ ಕಳೆಯಲು ಬೇಕಾದ ತಂಪು ಅಲ್ಲಿದೆ. ಗುಡ್ಡದ ಬುಡದಲ್ಲಿ ಗರಸು ನೆಲದ ಹುಲ್ಲುಗಾವಲು, ಅದರಾಚೆ ಜಾಲಿ, ತಂಗಡಿ, ಮುತ್ತುಗದ ಕುರುಚಲು, ಅದನ್ನು ಸೀಳಿಕೊಂಡು ಹೋಗುವ ಹಳ್ಳ, ಆ ಹಳ್ಳ ಸೇರುವ ಕೆರೆ. ಇವೆಲ್ಲ ಒಂದಕ್ಕೊಂದು ಹೊಂದಿಕೊಂಡ ವ್ಯವಸ್ಥೆ. ಮಳೆ ಕಡಿಮೆಯಾಗಿರುವುದರಿಂದ ಇಲ್ಲಿ ದಟ್ಟ ಕಾಡು ಬೆಳೆಯುವುದಿಲ್ಲ. ಈ ಹವೆಗೆ ತಕ್ಕ ಕಾಡೇ ಇದು. ಇದು ಇತ್ತೀಚೆಗೆ ಹಾಳುಬಿದ್ದ ನೆಲವೂ ಅಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ 1952ರಲ್ಲಿ ಉತ್ಖನನ ನಡೆಸಿ 1960ರಲ್ಲಿ ವರದಿ ಪ್ರಕಟಿಸಿದರು. ನವಶಿಲಾಯುಗದ ಪಶುಪಾಲಕರು ಅಲ್ಲಿ ನೆಲೆಸಿದ್ದುದಕ್ಕೆ ಸಾಕ್ಷಿ ಸಿಕ್ಕಿತು. ಬಂಡೆಗಳ ಮೇಲೆ ಅವರು ಬಿಡಿಸಿದ ದನಗಳ ಚಿತ್ರಗಳಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ದನ ಮೇಯಿಸಲು ಹುಲ್ಲಿದ್ದ ನೆಲವನ್ನು ಬರಿದು ನೆಲ ಎನ್ನಲು ಬರುವುದಿಲ್ಲ.

ಇಲ್ಲಿ ಯಾವ ಜೀವಿಗಳಿವೆ ಎಂದು ಕೇಳುವವರು ನೆರೆಯ ಕೊಪ್ಪಳ, ಬಳ್ಳಾರಿ ಜಿಲ್ಲೆಗಳತ್ತಲೂ ನೋಡಬೇಕು. ತೋಳಕ್ಕೂ ಹಕ್ಕಿಗೂ ಜಿಲ್ಲೆಯ ಗಡಿ ಗೊತ್ತಿಲ್ಲ. ಗಂಗಾವತಿ ಸಮೀಪದ ಬಂಕಾಪುರದಲ್ಲಿ ಸುಮಾರು 332 ಎಕರೆ ನೆಲವನ್ನು ಸರ್ಕಾರ ತೋಳಗಳ ಧಾಮವನ್ನಾಗಿ ಮಾಡಿದೆ. ರಾಜ್ಯದಲ್ಲಿ ತೋಳಕ್ಕೆಂದೇ ಆದ ಮೊದಲ ಧಾಮ ಅದು. ಭಾರತೀಯ ತೋಳಗಳ ಸಂಖ್ಯೆ ಮೂರು ಸಾವಿರದ ಆಸುಪಾಸಿನಲ್ಲಿದೆ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಅಂದರೆ ಹೆಚ್ಚು ಕಡಿಮೆ ದೇಶದ ಹುಲಿಗಳಷ್ಟೇ. ಹುಲಿಗಾಗಿ ನಾವು ಐವತ್ತಕ್ಕೂ ಹೆಚ್ಚು ಮೀಸಲುಗಳನ್ನು ಕಟ್ಟಿದ್ದೇವೆ. 332 ಎಕರೆ ಎಂದರೆ ಒಂದೂಕಾಲು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ತೋಳದ ಒಂದು ಗುಂಪು ಬೇಟೆಗಾಗಿ ಸುತ್ತುವ ಹರವು ನೂರಾರು ಚದರ ಕಿಲೋಮೀಟರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ತಾನಾಗಿ ಹೊರಬೀಳುತ್ತದೆ: ಬಂಕಾಪುರ ತೋಳಗಳು ಮರಿ ಹಾಕುವ ತಾವು ಮಾತ್ರ, ಅವುಗಳ ಬದುಕು ನಡೆಯುವುದು ಸುತ್ತಲಿನ ತಾಲ್ಲೂಕುಗಳ ಬಯಲಿನಲ್ಲಿ. ಧಾಮದ ಬೇಲಿಯೊಳಗೆ ಎಷ್ಟೇ ಕಾಳಜಿ ವಹಿಸಿದರೂ ಹೊರಗಿನ ಗಾಯರಾಣಗಳು ಹೋದರೆ ತೋಳ ಉಳಿಯದು. ತುಂಗಭದ್ರೆಯ ಮಾತೂ ಹೀಗೆಯೇ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲಾಯಿತು. ಕಂಪ್ಲಿ ದಾಟಿದ ಮೇಲೆ ಅದೇ ಹೊಳೆ ಸಿಂಧನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. ಅಲ್ಲಿ ಮರಳು ತೆಗೆದು ದಂಡೆ ಕುಸಿದರೆ ನೀರುನಾಯಿಗೆ ಬಿಲ ತೋಡಲು ಜಾಗವಿರುವುದಿಲ್ಲ. ಹೊಳೆಯಾಚೆಯ ಸಿರುಗುಪ್ಪದ ಎರೆ ಬಯಲು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಕರ್ನಾಟಕದಲ್ಲಿ ಉಳಿದಿರುವ ಕೊನೆಯ ನೆಲೆ. ಇಡೀ ಜಗತ್ತಿನಲ್ಲಿ ಈ ಹಕ್ಕಿಗಳು 150ರ ಒಳಗೆ ಉಳಿದಿವೆ ಎಂಬುದು ಅಂದಾಜು. ಇಷ್ಟು ಅಪರೂಪದ ಜೀವಿಗಳ ನಡುವೆ ನಮ್ಮ ಮೂರು ತಾಲ್ಲೂಕುಗಳಿವೆ. ನಮ್ಮ ಬಯಲಿನ ಚಿಗರಿ, ನರಿ, ಗೌಜಲಹಕ್ಕಿ, ಬುರ್ಲಿ, ನವಿಲುಗಳೂ ಇದೇ ಬಳಗದವು.

ಈ ನೆಲ ಕೈಬಿಟ್ಟು ಹೋಗುವ ಬಗೆಯನ್ನು ಈಗ ಗಮನಿಸೋಣ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸುತ್ತದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಗದಗ–ವಾಡಿ ಮಾರ್ಗ ಲಿಂಗಸುಗೂರಿನ ಮೂಲಕ ಹಾಯಲಿದೆ. ಮಸ್ಕಿ ಹೊಸ ತಾಲ್ಲೂಕಾದ ಮೇಲೆ ಅದಕ್ಕೆ ಕಚೇರಿಗಳು, ನ್ಯಾಯಾಲಯ, ವಸತಿಗೃಹ, ಬಸ್ ಡಿಪೊ ಎಲ್ಲವೂ ಬೇಕಾದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಬಹಳಷ್ಟು ಎರೆ ಹೊಲಗಳು ಭತ್ತದ ಗದ್ದೆಗಳಾಗಿವೆ, ಅವುಗಳ ಬೆಲೆ ಗಗನಕ್ಕೇರಿದೆ. ಹಾಗಾಗಿ ಸರ್ಕಾರಿ ಕೆಲಸಕ್ಕೆ ಜಾಗ ಬೇಕೆಂದಾಗ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ದರ ಕೊಡಬೇಕಿಲ್ಲದ ಗಾಯರಾಣದ ಮೇಲೆ. ನಡೆಯುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ರಸ್ತೆಗೆಂದು, ಲೇಔಟ್ ತುಂಬಿಸಲೆಂದು ಗುಡ್ಡದ ಬುಡದ ಮರಂ ಎತ್ತುತ್ತಾರೆ. ಆಳದ ಗುಂಡಿ ಬೀಳುತ್ತದೆ. ಗುಂಡಿ ಇದೆಯಲ್ಲ ಎಂದು ಊರಿನ ಕಸ ಅಲ್ಲಿಗೆ ಬರುತ್ತದೆ. ಕಸದ ಪಕ್ಕ ನಾಲ್ಕು ತಗಡಿನ ಶೆಡ್ಡು, ಆಮೇಲೆ ಒಂದು ಸರ್ಕಾರಿ ಕಟ್ಟಡ, ಅದಕ್ಕೊಂದು ಡಾಂಬರು ರಸ್ತೆ, ರಸ್ತೆಯ ಇಕ್ಕೆಲದಲ್ಲಿ ಪ್ಲಾಟುಗಳು. ಹತ್ತಾರು ವರ್ಷಗಳಲ್ಲಿ ಹುಲ್ಲುಗಾವಲೊಂದು ಬಡಾವಣೆಯಾಗಿ ಬದಲಾಗುತ್ತದೆ. ಇದರಲ್ಲಿ ಯಾವ ಹಂತದಲ್ಲೂ ಯಾರೂ ಕಾಡು ಕಡಿಯುವ ನಿರ್ಧಾರ ಮಾಡಿರುವುದಿಲ್ಲ. ಪ್ರತಿ ತೀರ್ಮಾನವೂ ಐದು ಎಕರೆ, ಹತ್ತು ಎಕರೆಯ ಚಿಕ್ಕ ತೀರ್ಮಾನ. ಒಟ್ಟು ಲೆಕ್ಕ ಇಡುವವರು ಮಾತ್ರ ಯಾರೂ ಇಲ್ಲ.

ಕಟ್ಟಡ ಏಳದ ಕಡೆಯೂ ಊರಿನ ಪರಿಣಾಮ ಹಬ್ಬುತ್ತದೆ. ಕಸದ ರಾಶಿಯಿದ್ದಲ್ಲಿ ಬೀದಿನಾಯಿಗಳು ಹೆಚ್ಚುತ್ತವೆ, ಹಿಂಡು ಕಟ್ಟಿಕೊಂಡು ಬಯಲಿಗೆ ಇಳಿಯುತ್ತವೆ, ಚಿಗರಿ ಮರಿಗಳನ್ನು ಅಟ್ಟಿಸಿ ಕೊಲ್ಲುತ್ತವೆ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗೂಡು ಕೆಡಿಸುತ್ತವೆ. ರೇಬೀಸ್, ಡಿಸ್ಟೆಂಪರ್ ರೋಗಗಳು ನಾಯಿಯಿಂದ ತೋಳಕ್ಕೆ, ನರಿಗೆ ದಾಟುತ್ತವೆ. ನಾಯಿ–ತೋಳಗಳ ಬೆರಕೆಯಿಂದ ತೋಳದ ತಳಿಯೇ ಕಲುಷಿತವಾಗುವ ಅಪಾಯವಿದೆ. ಹುಚ್ಚು ಹಿಡಿದ ತೋಳ ಮನುಷ್ಯರ ಮೇಲೆ ಬಿದ್ದರೆ ಆ ಸಿಟ್ಟು ಎಲ್ಲ ತೋಳಗಳ ಮೇಲೂ ತಿರುಗುತ್ತದೆ. ಗುಡ್ಡದ ಸುತ್ತ ಕ್ವಾರಿ ಸ್ಫೋಟ ಶುರುವಾದರೆ ಚಿರತೆ ಅಲ್ಲಿಂದ ಎದ್ದು ಇನ್ನೊಂದು ಗುಡ್ಡ ಹುಡುಕುತ್ತ ಊರೊಳಗೆ ಬರುತ್ತದೆ. ಜಿಲ್ಲೆಯಲ್ಲಿ ಚಿರತೆ ಬೋನಿಗೆ ಬಿತ್ತೆಂಬ ಸುದ್ದಿಗಳ ಹಿಂದೆ, ಗುಡ್ಡದಿಂದ ಗುಡ್ಡಕ್ಕೆ ಹೋಗುವ ದಾರಿ ತುಂಡಾಗಿರುವ ಸಂಗತಿಯೂ ಇದೆ. ಆದ್ದರಿಂದ ಉಳಿದಿರುವ ನೆಲ ಎಷ್ಟು ಎಕರೆ ಎಂದು ಎಣಿಸಿದರೆ ಸಾಲದು, ಅದು ಒಂದರೊಡನೊಂದು ಕೂಡಿಕೊಂಡಿದೆಯೇ ಎಂಬುದನ್ನೂ ನೋಡಬೇಕು.

ಇದನ್ನು ತಡೆಯಲು ಕಾನೂನಿಲ್ಲವೇ? ಇದೆ, ಆದರೆ ಅದರ ಹೊದಿಕೆಯಲ್ಲಿ ತೂತುಗಳಿವೆ. ಯಾರ ಒಡೆತನದಲ್ಲೇ ಇರಲಿ, ಸಹಜ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಹೇಳಿತು. ಅದರಿಂದ ಪರಿಭಾವಿತ ಅರಣ್ಯಗಳ ಪಟ್ಟಿಗಳು ಬಂದವು. ಕರ್ನಾಟಕದ ಪಟ್ಟಿ 9.94 ಲಕ್ಷ ಹೆಕ್ಟೇರ್ ಇದ್ದದ್ದು 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಹೆಕ್ಟೇರಿಗೆ ಎಷ್ಟು ಮರ ಎಂದು ಎಣಿಸುವ ಅಳತೆಗೋಲಿನಲ್ಲಿ ಹುಲ್ಲುಗಾವಲೂ ಬಂಡೆಗುಡ್ಡವೂ ಗೆಲ್ಲುವುದು ಸಾಧ್ಯವಿಲ್ಲ. ಕಂದಾಯ ಕಾನೂನಿನ ಕಡೆಯಿಂದ ನೋಡಿದರೆ, 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಮೀಸಲಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ಹೇಳುತ್ತದೆ. ಊರೊಟ್ಟಿನ ಜಮೀನನ್ನು, ತೀರ ಅಪವಾದದ ಸಂದರ್ಭ ಬಿಟ್ಟರೆ, ಅತಿಕ್ರಮಿಸಿದವರ ಹೆಸರಿಗೆ ಸಕ್ರಮ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಇಷ್ಟೆಲ್ಲ ಇದ್ದೂ ಗಾಯರಾಣ ಕರಗುತ್ತಿದೆ, ಏಕೆಂದರೆ ಅದರ ಗಡಿ ಕಲ್ಲುಗಳು ಎಲ್ಲಿವೆ ಎಂಬುದು ನೆಲದ ಮೇಲೆ ಯಾರಿಗೂ ಕಾಣುವುದಿಲ್ಲ. ಇದಕ್ಕೆ ಎದುರಾದ ಉದಾಹರಣೆ ಮಸ್ಕಿಯಲ್ಲೇ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇರುವುದರಿಂದ ಅದು ಜಗತ್ಪ್ರಸಿದ್ಧವಾಯಿತು. ಇಂದು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧಿತ ವಲಯ. ಈ ನಿಯಮದಿಂದ ಮಸ್ಕಿಯ ಅಭಿವೃದ್ಧಿ ನಿಂತುಹೋಯಿತೆಂದು ಯಾರೂ ಹೇಳುವುದಿಲ್ಲ. ಒಂದು ಬಂಡೆಯ ಸುತ್ತ ಎಲ್ಲೆ ಎಳೆದು ಅದನ್ನು ಊರು ಒಪ್ಪಿಕೊಳ್ಳಬಲ್ಲದು ಎಂದಾದರೆ, ಆ ಬಂಡೆ ಇರುವ ಗುಡ್ಡದ ಸಾಲಿಗೂ ಅಂಥದೇ ಎಲ್ಲೆಯನ್ನು ಒಪ್ಪಿಕೊಳ್ಳಬಲ್ಲದು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು: ಈ ಮುಳ್ಳುಕಂಟಿಯನ್ನು ಕಾಯುವುದಕ್ಕಿಂತ ಬೇರೆ ಕಡೆ ಸಾಲುಮರ ನೆಟ್ಟು, ನೆಡುತೋಪು ಬೆಳೆಸಿ ಹಸಿರು ಹೆಚ್ಚಿಸಿದರೆ ಸಾಲದೇ? ಮರ ನೆಡುವುದು ಒಳ್ಳೆಯ ಕೆಲಸ. ಸಿಂಧನೂರಿನ ಬೀದಿಗಳಿಗೆ ನೆರಳು ಬೇಕೇ ಬೇಕು. ಆದರೆ ಹುಲ್ಲುಗಾವಲಿನ ಬದಲಿಗೆ ತೋಪು ಕೊಟ್ಟರೆ ಏನಾಗುತ್ತದೆಂಬುದನ್ನು ರಾಣೆಬೆನ್ನೂರು ತೋರಿಸಿದೆ. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ 119 ಚದರ ಕಿಲೋಮೀಟರಿನ ಆ ಅಭಯಾರಣ್ಯದ ಬಹುಪಾಲು ನೀಲಗಿರಿ ನೆಡುತೋಪಾಯಿತು. ಒಂದು ಕಾಲಕ್ಕೆ ಅಲ್ಲಿದ್ದ ಎರ್ಲಡ್ಡು ಹಕ್ಕಿ ಇಂದು ಅಲ್ಲಿಲ್ಲ. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಪ್ರಾಣಿಗೆ ಸಾಲುಸಾಲು ಮರ ಕಟ್ಟಡದಷ್ಟೇ ಅಡ್ಡಿ. ಈ ಆಕ್ಷೇಪದಲ್ಲಿ ಒಂದಂಶ ಮಾತ್ರ ಸರಿಯಾದದ್ದು: ಸುಮ್ಮನೆ ಬಿಟ್ಟ ನೆಲವೆಲ್ಲ ಆರೋಗ್ಯವಾಗಿರುವುದಿಲ್ಲ. ಬಳ್ಳಾರಿ ಜಾಲಿ ಹಬ್ಬಿದ ಗಾಯರಾಣದಲ್ಲಿ ಹುಲ್ಲೂ ಇಲ್ಲ, ಕವಳಿಯೂ ಇಲ್ಲ. ಅದನ್ನು ಬೇರುಸಹಿತ ಕಿತ್ತು, ಸ್ಥಳೀಯ ಹುಲ್ಲು ಮರಳಿ ಬರುವಂತೆ ಮಾಡುವ ಕೆಲಸಕ್ಕೆ ಉದ್ಯೋಗ ಖಾತ್ರಿಯಂಥ ಕೂಲಿ ಯೋಜನೆಗಳ ಹಣ ಬಳಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ಗೌರವದಿಂದಲೇ ಎದುರಿಸಬೇಕು. ಇದು ಹಿಂದುಳಿದ ಸೀಮೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಈ ಭಾಗದ ಹಿಂದುಳಿದಿರುವಿಕೆಯನ್ನು ಅಂಕಿಅಂಶಗಳಲ್ಲಿ ತೋರಿಸಿತು. ಹೋರಾಡಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಪಡೆದೆವು. ಈಗಷ್ಟೇ ರಸ್ತೆ, ರೈಲು, ಕಾಲೇಜು ಬರುತ್ತಿರುವಾಗ ತೋಳದ ಹೆಸರು ಹೇಳಿ ಅಡ್ಡಗಾಲು ಹಾಕುವುದು ನ್ಯಾಯವೇ? ರಸ್ತೆ ಬೇಡ, ಆಸ್ಪತ್ರೆ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಗಾಯರಾಣ ಹೋದಾಗ ಯಾರ ಕೈ ಬರಿದಾಗುತ್ತದೆಂದು ಕೇಳಿನೋಡಿ. ಭತ್ತದ ಗದ್ದೆ ಇದ್ದವರ ಕೈಯಲ್ಲ. ಹೊಲವಿಲ್ಲದವರು ನಾಲ್ಕು ಆಡು, ಒಂದು ಎಮ್ಮೆ ಕಟ್ಟುವುದು ಊರೊಟ್ಟಿನ ಹುಲ್ಲಿನ ಭರವಸೆಯ ಮೇಲೆ. ಕುರಿಗಾರರು ಹಿಂಡು ಹೊಡೆದುಕೊಂಡು ಊರೂರು ತಿರುಗುವುದು, ಹೊಲದಲ್ಲಿ ಕುರಿ ತರುಬಿ ಗೊಬ್ಬರ ಕೊಡುವುದು, ನಡುನಡುವೆ ಗಾಯರಾಣ ಇದ್ದರೆ ಮಾತ್ರ. ಬೆಳವಣಿಗೆಯ ಬೆಲೆಯನ್ನು ಅತಿ ಬಡವರ ಜೇಬಿನಿಂದ ಕೊಡಿಸುವುದು ಹಿಂದುಳಿದಿರುವಿಕೆಗೆ ಮದ್ದಾಗಲಾರದು. ಇನ್ನು ನೀರಿನ ಲೆಕ್ಕ. ಹೂಳಿನಿಂದಾಗಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಯಿಂದ 105ರ ಆಸುಪಾಸಿಗೆ ಇಳಿದಿದೆ. 2023ರ ಬರದಲ್ಲಿ ಕಾಲುವೆಯ ಭರವಸೆ ಎಷ್ಟು ತೆಳುವೆಂದು ಇಡೀ ಅಚ್ಚುಕಟ್ಟು ಪ್ರದೇಶ ಕಂಡಿತು. ಕಾಲುವೆ ನಿಂತ ದಿನ ಊರಿಗೆ ದಿಕ್ಕು ಕೆರೆ ಮತ್ತು ಅಂತರ್ಜಲ. ಅವೆರಡಕ್ಕೂ ನೀರು ಇಳಿಯುವುದು ಗುಡ್ಡದ ಮೈಯಿಂದ, ಹಳ್ಳದ ಮೂಲಕ, ಗರಸು ನೆಲದೊಳಗೆ. ಹಾಗೆ ನೋಡಿದರೆ ಗುಡ್ಡ ಕಾಯುವುದು ಊರಿನ ನೀರಿನ ಯೋಜನೆಯ ಭಾಗ, ಅದನ್ನು ಅಭಿವೃದ್ಧಿಯ ಖರ್ಚಿನಲ್ಲೇ ಬರೆಯಬೇಕು. ಊರು ಬೆಳೆಯಲು ಜಾಗವೂ ಇದೆ: ನಮ್ಮ ಪಟ್ಟಣಗಳ ಸುತ್ತ ಪ್ಲಾಟು ಮಾರಾಟವಾಗಿಯೂ ಮನೆ ಏಳದೆ ವರ್ಷಗಟ್ಟಲೆ ಬಿದ್ದಿರುವ ಬಡಾವಣೆಗಳಿವೆ. ಅವು ತುಂಬುವ ಮೊದಲೇ ಹೊಸ ಲೇಔಟಿಗೆ ಅನುಮತಿ ಕೊಡುವುದನ್ನು ಅಗತ್ಯ ಎನ್ನಲಾಗದು.

ಮೂರನೆಯ ಆಕ್ಷೇಪ ರೈತರದ್ದು, ಕುರಿಗಾರರದ್ದು. ತೋಳ ಕುರಿ ಹೊತ್ತೊಯ್ಯುತ್ತದೆ, ಚಿಗರಿ ಹಿಂಡು ಮೊಳಕೆ ಬಂದ ತೊಗರಿ, ಕಡಲೆ ತಿನ್ನುತ್ತದೆ; ನಷ್ಟ ನಮಗೆ, ಹೆಮ್ಮೆ ಪೇಟೆಯವರಿಗೆ ಎಂಬ ಮಾತು ಸತ್ಯ. ಪರಿಹಾರ ಬೆಳೆ ಹಾಳಾದ ಹಂಗಾಮಿನಲ್ಲೇ ಕೈಗೆ ಸಿಗದಿದ್ದರೆ ಪ್ರಾಣಿಯ ಮೇಲಿನ ಸಹನೆ ಉಳಿಯುವುದಿಲ್ಲ. ಆದರೆ ಗಾಯರಾಣ ಕಡಿಮೆಯಾದಷ್ಟೂ ಈ ನಷ್ಟ ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು. ಮೇಯಲು ಬಯಲಿಲ್ಲದ ಚಿಗರಿ ಹೊಲಕ್ಕೇ ಬರಬೇಕು. ಮೊಲ, ಇಲಿ, ಚಿಗರಿ ಸಿಗದ ತೋಳ ಹಟ್ಟಿಗೇ ಬರಬೇಕು. ಕುರಿಗಾರನೂ ತೋಳವೂ ಒಂದೇ ನೆಲವನ್ನು ನಂಬಿ ಬದುಕಿದವರು. ಆ ನೆಲ ಹೋದ ದಿನ ಸೋಲುವುದು ಇಬ್ಬರೂ. ಇದಕ್ಕೆ ಹೊಂದುವ ಕಾನೂನಿನ ದಾರಿಯೂ ಇದೆ. ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯದ ಜೊತೆಗೆ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಎರಡು ಬಗೆಗಳಿವೆ. ಅವುಗಳಲ್ಲಿ ಜನರ ಹಕ್ಕುಗಳು ಮುಂದುವರಿಯುತ್ತವೆ, ನಿರ್ವಹಣೆಯಲ್ಲಿ ಊರಿನವರಿಗೆ ಪಾಲಿರುತ್ತದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಅಲ್ಲಿ ಹಕ್ಕಿಗಳು ಮನೆ ಮುಂದಿನ ಮರದಲ್ಲೇ ಗೂಡು ಕಟ್ಟುತ್ತವೆ, ಊರು ಊರಾಗಿಯೇ ಇದೆ. ತುಮಕೂರು ಜಿಲ್ಲೆಯ ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಅದೇ ವರ್ಷ ಜಯಮಂಗಲಿ ಸಂರಕ್ಷಣಾ ಮೀಸಲು ಸಿಕ್ಕಿತು. ಅದರ ವಿಸ್ತಾರ ಸುಮಾರು 800 ಎಕರೆ ಮಾತ್ರ. ಚಿಕ್ಕ ನೆಲಕ್ಕೂ ರಕ್ಷಣೆ ಸಿಗಬಲ್ಲದೆಂಬುದಕ್ಕೆ ಇವು ಸಾಕ್ಷಿ. ತಡಮಾಡಿದರೆ ಏನಾಗುತ್ತದೆಂಬುದಕ್ಕೆ ಚಳ್ಳಕೆರೆ ಸಾಕ್ಷಿ: ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಸಂಸ್ಥೆಗಳಿಗೆ ಹಂಚಿಹೋದ ಮೇಲೆ ಹೋರಾಟ ಶುರುವಾಯಿತು, ಅಷ್ಟರಲ್ಲಿ ಗೋಡೆಗಳು ಎದ್ದಿದ್ದವು.

ಹಾಗಾದರೆ ಈ ಮೂರು ತಾಲ್ಲೂಕುಗಳಲ್ಲಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯ ಗಾಯರಾಣ, ಗುಡ್ಡ, ಹಳ್ಳ, ಕೆರೆಗಳನ್ನು ಸರ್ವೆ ಮಾಡಿಸಿ ನೆಲದ ಮೇಲೆ ಕಲ್ಲು ನೆಡಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಇಟ್ಟುಕೊಳ್ಳಬೇಕಾದ ದಾಖಲಾತಿಯಲ್ಲಿ ತೋಳದ ಗವಿ, ಚಿಗರಿ ಹಿಂಡಿನ ದಾರಿ, ಕವಳಿ ಪೊದೆಯ ಜಾಗಗಳು ಸೇರಬೇಕು. ಅದನ್ನು ಬರೆಯಬಲ್ಲವರು ಕುರಿಗಾರರು, ಬರೆಸಬಲ್ಲವರು ನಮ್ಮ ಕಾಲೇಜುಗಳ ಶಿಕ್ಷಕರು. ಎರಡನೆಯದಾಗಿ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಹಾಯೋಜನೆಗಳಲ್ಲಿ ಈ ನೆಲವನ್ನು ಕಟ್ಟಡರಹಿತ ವಲಯವೆಂದು ಗುರುತಿಸಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಇದಕ್ಕೆ ಅವಕಾಶವಿದೆ. ಮೂರನೆಯದಾಗಿ, ಬಂಕಾಪುರದಿಂದ ನಮ್ಮ ಕಡೆಗೆ ಹಬ್ಬಿರುವ ಗುಡ್ಡ–ಬಯಲುಗಳ ಸರಣಿಯನ್ನು ಸಂರಕ್ಷಣಾ ಮೀಸಲಾಗಿ ಪರಿಗಣಿಸಲು ಮೂರೂ ತಾಲ್ಲೂಕುಗಳು ಒಟ್ಟಾಗಿ ಸರ್ಕಾರವನ್ನು ಒತ್ತಾಯಿಸಬೇಕು, ಮೇಯಿಸುವ ಹಕ್ಕಿಗೆ ಧಕ್ಕೆ ಬಾರದು ಎಂಬ ಮಾತನ್ನು ಅದರಲ್ಲೇ ಬರೆಸಿಕೊಳ್ಳಬೇಕು. ನಾಲ್ಕನೆಯದಾಗಿ, ಕಸದ ಘಟಕಕ್ಕೆ ಬೇಲಿ ಹಾಕಿ ನಾಯಿಗಳ ಸಂತಾನಹರಣ, ಲಸಿಕೆಗಳನ್ನು ತಪ್ಪದೆ ನಡೆಸಬೇಕು. ಹೆದ್ದಾರಿ ಅಗಲವಾಗುವಾಗ, ಹೊಸ ರೈಲು ಮಾರ್ಗ ಹಾಕುವಾಗ ಹಳ್ಳದ ಸೇತುವೆಗಳನ್ನು ಪ್ರಾಣಿಗಳು ನುಸುಳಿ ಹೋಗುವಷ್ಟು ಎತ್ತರವಾಗಿ ಕಟ್ಟಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ನಮ್ಮ ಜನರಿಗೆ ಗುಡ್ಡದ ಮೇಲೆ ಭಕ್ತಿ ಇದೆ. ಸಿಂಧನೂರಿಗೆ ಅಂಬಾಮಠದ ಸಿದ್ಧಪರ್ವತ, ಮಸ್ಕಿಗೆ ಮಲ್ಲಯ್ಯನ ಗುಡ್ಡ, ಲಿಂಗಸುಗೂರಿಗೆ ಗುರುಗುಂಟಾದ ಅಮರೇಶ್ವರ. ಜಾತ್ರೆಗೆ ಲಕ್ಷಾಂತರ ಜನ ಸೇರುವ ಈ ಕ್ಷೇತ್ರಗಳ ಮಠ, ದೇವಸ್ಥಾನ ಸಮಿತಿಗಳು ತಮ್ಮ ಗುಡ್ಡದ ಸುತ್ತ ಕ್ವಾರಿ, ಮರಂ ಗುಂಡಿ, ಪ್ಲಾಸ್ಟಿಕ್ ಕಸ ಬೇಡವೆಂದು ಒಂದು ನಿರ್ಣಯ ಮಾಡಿದರೆ ಸರ್ಕಾರದ ಹತ್ತು ಆದೇಶಗಳಿಗಿಂತ ಅದರ ಬಲ ದೊಡ್ಡದು. ಬೆಂಗಳೂರು ತನ್ನ ಸುತ್ತಲಿನ ಹುಲ್ಲುಗಾವಲುಗಳ ಬೆಲೆ ಅರಿಯುವ ಹೊತ್ತಿಗೆ ಹೆಸರಘಟ್ಟದಂಥ ಒಂದೆರಡು ಮಾತ್ರ ಉಳಿದಿದ್ದವು, ಅವನ್ನು ಉಳಿಸಿಕೊಳ್ಳಲೂ ವರ್ಷಗಟ್ಟಲೆ ಹೋರಾಡಬೇಕಾಯಿತು. ನಮ್ಮ ಊರುಗಳು ಇನ್ನೂ ಚಿಕ್ಕವು. ಎಲ್ಲೆ ಹಾಕಲು ಇಂದು ತಗಲುವುದು ಒಂದು ಸರ್ವೆ, ಒಂದು ಗ್ರಾಮಸಭೆ, ಒಂದು ನಿರ್ಣಯದ ಖರ್ಚು; ಇಪ್ಪತ್ತು ವರ್ಷ ಕಳೆದರೆ ಯಾವ ಖರ್ಚಿಗೂ ಆ ನೆಲ ಸಿಗದು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಗಾಯರಾಣದ ಸರ್ವೆಯ ವಿಷಯವನ್ನು ನೀವೇ ಎತ್ತಬೇಕು, ಅದು ನಡಾವಳಿಯಲ್ಲಿ ದಾಖಲಾಗುವವರೆಗೆ ಬಿಡಬಾರದು. ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಇದು.